ತುರಿಕೆಗೊಂದು ದೂರುಪತ್ರ

"ಮೂರು ದಿನ! ಮೂರೇ ಮೂರು ದಿನ ಕೊಡು. ಈ ತುರಿಕೆ ಎಲ್ಲಿ ಹುಟ್ಟಿತು, ಅದರ ಅಪ್ಪ ಯಾರು, ಅಜ್ಜ ಯಾರು, ಎಲ್ಲರನ್ನೂ ಹಿಡಿದು ತಂದು ನಿನ್ನ ಮುಂದೆ ನಿಲ್ಲಿಸ್ತೀನಿ!"

ಹೀಗೆಂದು ಮೇಸ್ತ್ರಿ ಎದೆ ತಟ್ಟಿಕೊಂಡಾಗ ಅವನ ಹೆಂಡತಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಉಜ್ಜಿಕೊಳ್ಳುತ್ತಿದ್ದಳು. ಕೈಗೆ ಅಡುಗೆಮನೆಯ ಸೌಟು ಬಂದಿತ್ತು. ಅದು ಕುತ್ತಿಗೆಯ ಹಿಂಭಾಗಕ್ಕೆ.

"ಮೊದಲು ಇಲ್ಲಿ ಸ್ವಲ್ಪ ತುರಿಸಿ. ಅಪ್ಪ ಅಜ್ಜ ಆಮೇಲೆ ಬರಲಿ," ಎಂದಳು.

ಮೇಸ್ತ್ರಿಯದು ದೊಡ್ಡ ದೊಡ್ಡ ಕಟ್ಟಡಗಳಿಗೆ ಎ.ಸಿ. ಗಾಳಿಯ ತಗಡಿನ ಕೊಳವೆ ಕೂರಿಸುವ ಕೆಲಸ. ಕೊಳವೆಗೆ ಹಳದಿ ಗ್ಲಾಸ್ ವೂಲ್ ಸುತ್ತಿ, ಬೆಳ್ಳಿ ಬಣ್ಣದ ಟೇಪು ಅಂಟಿಸಿ, ಚಾವಣಿಗೆ ನೇತುಹಾಕುವುದರಲ್ಲಿ ಹದಿನೆಂಟು ವರ್ಷ ಕಳೆದಿದ್ದ. ಮೊದಲ ವರ್ಷ ಆ ಗಾಜಿನ ಹತ್ತಿ ಮೈಯೆಲ್ಲ ಚುಚ್ಚಿತ್ತಂತೆ. ಈಗ ಅವನ ಚರ್ಮ ಎಷ್ಟು ದಪ್ಪವಾಗಿತ್ತೆಂದರೆ, ಕಚ್ಚಲು ಬಂದ ಸೊಳ್ಳೆಗಳೇ ಬಾಯಿ ಹಿಡಿದುಕೊಂಡು ವಾಪಸು ಹೋಗುತ್ತಿದ್ದವು! ಎಲ್ಲಿ ಗಾಳಿ ಸೋರಿದರೂ, ಎಲ್ಲಿ ಗುಂಯ್‌ಗುಟ್ಟಿದರೂ ಕಿವಿಯಿಟ್ಟು ಪತ್ತೆ ಹಚ್ಚುವ ಮಹಾಪುರುಷ ತಾನು ಎಂಬುದು ಅವನ ಗಟ್ಟಿ ನಂಬಿಕೆ. ಮನೆಯಲ್ಲಿ ಕಿರುಗುಟ್ಟುವ ಬಾಗಿಲು, ಗಲಗಲ ಎನ್ನುವ ಫ್ಯಾನು ಎಲ್ಲವೂ ಅವನ ಕೈಯಲ್ಲಿ ತೆಪ್ಪಗಾಗಿದ್ದವು. ಹಿಂದಿನ ತಿಂಗಳಷ್ಟೇ, ವಿಮಾನ ಹೊರಟಂತೆ ಅಬ್ಬರಿಸುತ್ತಿದ್ದ ಬಟ್ಟೆ ಒಗೆಯುವ ಮೆಷಿನ್ನನ್ನು ಒಂದೇ ಗಂಟೆಯಲ್ಲಿ ಬೆಕ್ಕಿನ ಮರಿ ಮಾಡಿದ್ದ. ಅದಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಗಲಿಲ್ಲ ಎಂಬ ಸಣ್ಣ ಕೊರಗು ಅವನಿಗಿನ್ನೂ ಇತ್ತು.

ಹೆಂಡತಿ ಗಡಿಯಾರ ರಿಪೇರಿಯವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ಕೂತಳೆಂದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅನುಮಾನ ಬರಬೇಕು. ಎಂಥ ಸತ್ತ ಗಡಿಯಾರ ತಂದರೂ ಗಿರಾಕಿಗೆ ಒಂದೇ ಮಾತು: "ಇಟ್ಟು ಹೋಗಿ, ನೋಡೋಣ." ಆ ಮಾತು ಬಂತೆಂದರೆ ಗಡಿಯಾರ ಬದುಕಿತೆಂದೇ ಲೆಕ್ಕ. ಇಪ್ಪತ್ತು ವರ್ಷದಲ್ಲಿ ಒಂದನ್ನೂ ಅವಳು ಆಗುವುದಿಲ್ಲವೆಂದು ಹಿಂದಿರುಗಿಸಿದ್ದಿಲ್ಲ.

ಅಂಥವಳ ಕೈ ಈಗ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ! ಮೇಜಿನ ಮೇಲೆ ರಿಟೈರ್ಡ್ ಸ್ಟೇಷನ್ ಮಾಸ್ತರರ ಜೇಬುಗಡಿಯಾರ, ಅವರಪ್ಪನ ಕಾಲದ್ದು, ಅರವತ್ತಮೂರು ತುಂಡಾಗಿ ಬಿಳಿ ತಟ್ಟೆಯಲ್ಲಿ ಕಾಯುತ್ತಿತ್ತು. ಒಂದು ಹಲ್ಲುಚಕ್ರ ಎತ್ತಿದರೆ ಮೊಣಕೈ ತುರಿಸುತ್ತಿತ್ತು, ಚಕ್ರ ಮೇಜಿನ ಕೆಳಗೆ ಹಾರುತ್ತಿತ್ತು.

ಮೇಸ್ತ್ರಿ ತನ್ನ ಕಂಪನಿಯ ದೂರುಪತ್ರಗಳ ಕಟ್ಟು ತಂದ. ಎಲ್ಲಿಂದ ದೂರು ಬಂದರೂ ಅವರು ತುಂಬುವ ಕಾಗದ ಅದು. ಮೊದಲ ಸಾಲಿನಲ್ಲಿ 'ನಮ್ಮ ಕಡೆಯ ಕೆಲಸ ಸರಿಯಾಗಿದೆ' ಎಂದು ಅಚ್ಚಾಗಿ, ಪಕ್ಕದಲ್ಲಿ ಸರಿ ಗುರುತೂ ಅಚ್ಚಾಗಿಯೇ ಬಂದಿತ್ತು. ಅದರ ಕೆಳಗೆ 'ದೋಷದ ಮೂಲ'. ಅದರ ಕೆಳಗೆ 'ಕ್ರಮ: ರಿಪೇರಿ / ಬದಲಾವಣೆ'.

"ಇದೇನು, ನೋಡೋಕೂ ಮೊದಲೇ ಸರಿ ಅಂತ ಹಾಕಿದ್ದೀರಿ?"

"ಅದು ಹಾಗೇ ಕಣೇ. ನಮ್ಮ ಕೆಲಸದಲ್ಲಿ ತಪ್ಪಿರಲ್ಲ. ಅಲ್ಲಿಂದ ಶುರು ಮಾಡಿದ್ರೆ ಅರ್ಧ ಕೆಲಸ ಮುಗಿದ ಹಾಗೆ!"

ಮೊದಲ ಆರೋಪಿ ಹಾಸಿಗೆ. ಹೊದಿಕೆ, ದಿಂಬಿನ ಚೀಲ ಎಲ್ಲ ಎಳೆದು ಬಿಸಿನೀರಲ್ಲಿ ಎರಡೆರಡು ಸಲ ಮೆಷಿನ್ನಿಗೆ ಹಾಕಿದ. ಮರುದಿನ ತುರಿಕೆ ಬೆನ್ನಿನಿಂದ ಹೊಟ್ಟೆಗೆ ಬಂತು. ಎರಡನೇ ಆರೋಪಿ ಟವೆಲ್ಲು. ಒಗೆದ, ಎರಡು ಸಲ. ತುರಿಕೆ ಕಾಲಿಗಿಳಿಯಿತು. ಸೋಪು ಬದಲಾಯಿತು, ಪೌಡರು ಬದಲಾಯಿತು, ಪಾಪ, ಕಿಟಕಿಯ ಗಿಡ ಕೂಡ ಪಕ್ಕದ ಮನೆಗೆ ಗಡಿಪಾರಾಯಿತು. ಪರದೆ, ಮೇಜಿನ ಬಟ್ಟೆ, ಅವಳ ಸಕಲ ಉಡುಪು, ಎಲ್ಲವೂ ಮೆಷಿನ್ನಿನೊಳಗೆ ಬಿದ್ದೆದ್ದವು. ಒಗೆದಷ್ಟೂ ತುರಿಕೆ ಏರಿತು!

"ಗಟ್ಟಿ ತುರಿಕೆ," ಎಂದ ಮೇಸ್ತ್ರಿ, ಮೆಚ್ಚಿಗೆಯೋ ಎಂಬಂತೆ. "ಇನ್ನೊಂದ್ಸಲ ಒಗೀಬೇಕು."

ಮೂರು ದಿನ ಹೋಗಿ ಮೂರನೇ ವಾರ ಬಂತು. ಹೆಂಡತಿಯೇ ಹಠ ಹಿಡಿದು ಚರ್ಮದ ಡಾಕ್ಟರ ಬಳಿಗೆ ನಡೆದಳು. ಮೇಸ್ತ್ರಿಯೂ ಫೈಲು ಹಿಡಿದು ಹಿಂದೆ ಹೋದ.

"ಮನೇಲಿ ಇತ್ತೀಚೆಗೆ ಏನಾದ್ರೂ ಹೊಸದು ಬಂತೇನಮ್ಮಾ? ಏನಾದ್ರೂ ಬದಲಾಯ್ತಾ?" ಡಾಕ್ಟರು ಅವಳನ್ನು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ!" ಮೇಸ್ತ್ರಿ ಉತ್ತರಿಸಿದ.

"ನಾನು ಕೇಳಿದ್ದು ಅವರನ್ನ."

"ಅವಳಿಗೆ ತುರಿಸೋಕೇ ಪುರಸೊತ್ತಿಲ್ಲ. ನಾನೇ ಹೇಳ್ತೀನಲ್ಲ! ಹದಿನೇಳು ಪತ್ರ ತುಂಬಿದ್ದೀನಿ, ನೋಡಿ."

ಡಾಕ್ಟರು ಹದಿನೇಳೂ ಪತ್ರಗಳ ಮೊದಲ ಸಾಲು ಓದಿ, ಮೇಸ್ತ್ರಿಯ ಮುಖ ನೋಡಿ, ಒಂದು ಮುಲಾಮು ಬರೆದುಕೊಟ್ಟರು. "ಮೈಗೆ ತಾಗೋದನ್ನೆಲ್ಲ ಹತ್ತಿರದಿಂದ ನೋಡ್ಕೊಳ್ಳಿ. ಬಹಳ ಹತ್ತಿರದಿಂದ," ಎಂದರು ಅವಳಿಗೆ.

ಮಗಳ ಗೋಳು ಫೋನಿನಲ್ಲಿ ಕೇಳಿ ಕೇಳಿ ಅತ್ತೆ ಪೆಟ್ಟಿಗೆ ಹಿಡಿದು ಬಂದೇಬಿಟ್ಟರು. ಮೇಸ್ತ್ರಿ ಅವರಿಗಾಗಿ ವಿಶೇಷವಾಗಿ ಮೂರು ಸಲ ಒಗೆದ ಹೊದಿಕೆ ಹಾಸಿದ. ಮರುದಿನ ಬೆಳಗಿನ ತಿಂಡಿಗೆ ಅತ್ತೆ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಪಕ್ಕೆ ಹಿಡಿದು ಬಂದರು. ಪರಪರ!

ಮೇಸ್ತ್ರಿ ಕುರ್ಚಿಯಿಂದ ಚಿಮ್ಮಿದ. "ಸಿಕ್ತು! ತಾಯಿಗೂ ಇದೆ, ಮಗಳಿಗೂ ಇದೆ, ನನಗಿಲ್ಲ! ಇದು ವಂಶದ ಕಾಯಿಲೆ ಕಣೇ! ಹೇಳಿರ್ಲಿಲ್ವಾ, ಅಪ್ಪ ಅಜ್ಜರನ್ನೆಲ್ಲ ಹಿಡೀತೀನಿ ಅಂತ?"

ಅತ್ತೆ ಲೋಟ ಕೆಳಗಿಟ್ಟರು. "ಅಳಿಯಂದಿರೇ, ಅರವತ್ತೆಂಟು ವರ್ಷ ಆಯ್ತು ನನಗೆ. ನಿಮ್ಮ ಮನೆಗೆ ಬರೋವರೆಗೂ ಒಂದು ದಿನವೂ ತುರಿಸಿಕೊಂಡವಳಲ್ಲ."

"ಅದು ಒಳಗೇ ಇತ್ತು ಅತ್ತೆ. ಈಗ ಹೊರಗೆ ಬಂದಿದೆ."

ಮೇಸ್ತ್ರಿ ಹದಿನೆಂಟನೇ ಪತ್ರದಲ್ಲಿ 'ದೋಷದ ಮೂಲ: ಹೆಂಡತಿಯ ತವರು' ಎಂದು ದಪ್ಪಕ್ಷರದಲ್ಲಿ ಬರೆದ. ಹೆಂಡತಿ ಅದನ್ನು ಓದಿದಳು. ಬೈಯಲಿಲ್ಲ. ತಟ್ಟೆಯಲ್ಲಿದ್ದ ಅರವತ್ತಮೂರು ತುಂಡುಗಳ ಮುಂದೆ ಕೂತು ಅಳತೊಡಗಿದಳು.

"ಶುಕ್ರವಾರ ಮಾಸ್ತರರು ಬರ್ತಾರೆ. ತುಂಡುಗಳನ್ನ ಪೊಟ್ಟಣ ಕಟ್ಟಿ ಕೊಡ್ತೀನಿ. ಇಪ್ಪತ್ತು ವರ್ಷಕ್ಕೆ ಮೊದಲ್ನೇ ಸಲ, ಆಗಲ್ಲ ಅಂತ ಹೇಳ್ತೀನಿ. ಅಂಗಡಿಯೂ ಸಾಕು. ಕೈ ನಿಲ್ಲದವಳಿಗೆ ಗಡಿಯಾರದಂಗಡಿ ಯಾಕೆ?"

ಮೇಸ್ತ್ರಿಗೆ ಪೆನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವಳು ಅತ್ತದ್ದನ್ನು ಅವನು ಕಂಡದ್ದೇ ಅಪರೂಪ. "ಇನ್ನೊಂದ್ಸಲ ಒಗೆದು ನೋಡ್ಲಾ?" ಎಂದ, ಮೆಲ್ಲಗೆ.

ಅವಳು ಕಣ್ಣೊರೆಸಿಕೊಂಡು, ಕೊನೆಯ ಸಲವೆಂಬಂತೆ ಭೂತಗನ್ನಡಿ ಸಿಕ್ಕಿಸಿ ಒಂದು ತಿರುಪು ಎತ್ತಿದಳು. ಹೆಗಲು ತುರಿಸಿತು. ತಿರುಪು ಹಾರಿ ತೋಳಿನ ಮೇಲೆಲ್ಲೋ ಬಿತ್ತು. ಅದನ್ನು ಹುಡುಕುತ್ತಾ ಅವಳು ತೋಳಿನ ಬಟ್ಟೆಯನ್ನು ಕಣ್ಣ ಹತ್ತಿರಕ್ಕೆ ತಂದಳು. ತಿರುಪು ಮರೆತೇಹೋಯಿತು. ಆಮೇಲೆ ಚಿಮಟ ಹಾಕಿ ಏನನ್ನೋ ಎಳೆದು ದೀಪಕ್ಕೆ ಹಿಡಿದಳು.

"ರೀ, ಇಲ್ಲಿ ಬನ್ನಿ. ಇದು ನೂಲಲ್ಲ, ಕೂದಲೂ ಅಲ್ಲ. ಸೂಜಿ ಹಾಗಿದೆ, ಗಾಜಿನ ಹಾಗೆ ಹೊಳೀತಿದೆ. ಏನಿದು?"

ಮೇಸ್ತ್ರಿ ಭೂತಗನ್ನಡಿ ಇಸಕೊಂಡು ನೋಡಿದ. ಹದಿನೆಂಟು ವರ್ಷ ಒಡನಾಡಿದ ವಸ್ತು!

"ಇದು... ನಮ್ಮ ಕಂಪನಿ ಮಾಲು."

"ನಿಮ್ಮ ಕೆಲಸದ ಬಟ್ಟೆ ಕಂಪನಿಯಲ್ಲೇ ಬಿಟ್ಟು ಬರ್ತೀರಲ್ಲ. ನನ್ನ ತೋಳಿಗೆ ಹೇಗೆ ಬಂತು?"

"ಮೆಷಿನ್ ಸದ್ದು ನಿಲ್ಸಿ ಅಂದಿದ್ಯಲ್ಲ..."

"ಅಂದಿದ್ದೆ."

"ನಿಲ್ಸಿದೆ."

"ಏನು ಹಾಕಿ ನಿಲ್ಸಿದ್ರಿ?"

ಮೇಸ್ತ್ರಿ ಚಾವಣಿ ನೋಡಿದ. ಅಲ್ಲಿ ಯಾವ ಸಹಾಯವೂ ನೇತಾಡುತ್ತಿರಲಿಲ್ಲ.

ಮೂವರೂ ಹೋಗಿ ಮೆಷಿನ್ನಿನ ಮೇಲ್ಭಾಗ ಬಿಚ್ಚಿದರು. ಡ್ರಮ್ಮಿನ ಸುತ್ತ ಅವನು ಗಿಡಿದಿದ್ದ ಗ್ಲಾಸ್ ವೂಲ್ ಬಿಸಿನೀರ ಹಬೆಗೆ ಟೇಪು ಬಿಟ್ಟು, ತಿರುಗಿದಾಗಲೆಲ್ಲ ಉದುರಿ, ಒಗೆಯುವ ಬಟ್ಟೆಗೇ ಸೇರುತ್ತಿತ್ತು. ಎರಡೆರಡು ಸಲ! ಅತ್ತೆಯ ಹೊದಿಕೆಗಂತೂ ಮೂರು ಸಲ! ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು.

"ವಂಶದ ಕಾಯಿಲೆ ಅಂದ್ರಲ್ಲ, ಸರಿಯಾಗೇ ಹೇಳಿದ್ರಿ ಅಳಿಯಂದಿರೇ," ಎಂದರು ಅತ್ತೆ. "ಮದುವೆ ಸಂಬಂಧದಿಂದ ಬಂದಿರೋದು."

ಆ ಮೆಷಿನ್ನು ಹಿತ್ತಿಲು ಸೇರಿತು. ಉಳಿಯಬಹುದಾದ ಬಟ್ಟೆಯನ್ನೆಲ್ಲ ಮೇಸ್ತ್ರಿ ಬಕೆಟ್ಟಿನಲ್ಲಿ ಕೈಯಿಂದ ಜಾಲಾಡಿಸಿದ, ಮತ್ತೆ ಜಾಲಾಡಿಸಿದ, ಸೊಂಟ ಹಿಡಿಯುವವರೆಗೂ. ಹೆಂಡತಿ ಅಮ್ಮನ ಪೆಟ್ಟಿಗೆಯ ಬಟ್ಟೆ ತೊಟ್ಟುಕೊಂಡಳು. ಮೂರು ದಿನದಲ್ಲಿ ತುರಿಕೆ ಇಳಿಯಿತು. ಮೂರೇ ಮೂರು ದಿನ! ಆದರೆ ಅದನ್ನು ಎತ್ತಿ ಆಡುವ ಧೈರ್ಯ ಮೇಸ್ತ್ರಿಗೆ ಬರಲಿಲ್ಲ. ಶುಕ್ರವಾರ ಮಾಸ್ತರರು ಬಂದಾಗ ಅವರಪ್ಪನ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮುದುಕರು ಅದನ್ನು ಕಿವಿಗಿಟ್ಟುಕೊಂಡೇ ಬಹಳ ಹೊತ್ತು ಕೂತರು.

ಅವರು ಹೋದಮೇಲೆ ಹೆಂಡತಿ ಒಂದು ಹೊಸ ದೂರುಪತ್ರ ತೆಗೆದಳು. ಅಚ್ಚಾದ ಸರಿ ಗುರುತಿನ ಮೇಲೆ ಅಡ್ಡಗೆರೆ ಎಳೆದಳು. 'ದೋಷದ ಮೂಲ' ಎಂಬಲ್ಲಿ 'ಗಂಡ' ಎಂದು ಬರೆದಳು. 'ಕ್ರಮ: ರಿಪೇರಿ / ಬದಲಾವಣೆ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಈಗ ಆ ಕೈ ಎಷ್ಟು ಗಟ್ಟಿಯಾಗಿ ನಿಂತಿತ್ತೆಂದರೆ ಮೇಸ್ತ್ರಿಗೆ ಬೆವರು ಕಿತ್ತು ಬಂತು.

"ರಿಪೇರಿ ಅಂತ ಬರೆದ್ಬಿಡು ಮಾರಾಯ್ತಿ," ಎಂದ, ಗೋಗರೆಯುತ್ತಾ.

ಅವಳು ಭೂತಗನ್ನಡಿ ಸಿಕ್ಕಿಸಿಕೊಂಡು ಅವನನ್ನು ತಲೆಯಿಂದ ಕಾಲವರೆಗೆ ನೋಡಿದಳು.

"ಹಳೇ ಮಾಡೆಲ್ಲು. ಪಾರ್ಟ್ಸ್ ಸಿಗೋದೂ ಕಷ್ಟ," ಎಂದು ಅವಳು ಅಮ್ಮನ ಕಡೆ ತಿರುಗಿದಳು. "ಇಟ್ಟು ಹೋಗಿ, ನೋಡೋಣ."