ಹಾರನಹಳ್ಳಿಯ ಗ್ರಾಫಿಕ್ಸ್ ಕಾರ್ಡ್ ಆಯ್ಕೆ

ಹಾರನಹಳ್ಳಿ ಹೋಬಳಿ ಗಣಕ ಕ್ರೀಡಾ ಸಮಿತಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಆಯ್ಕೆ ಮಾಡುವ ಸಭೆಗೆ ಎಲ್ಲ ಸದಸ್ಯರೂ ಹಾಜರಿದ್ದರು. ಗ್ರಾಫಿಕ್ಸ್ ಕಾರ್ಡ್ ಎಂದರೇನೆಂದು ಬಲ್ಲವರು ಒಬ್ಬರಿದ್ದರು. ಅವರಿಗೆ ಮತದಾನದ ಹಕ್ಕಿರಲಿಲ್ಲ.

ಆ ಒಬ್ಬರು ಯತೀಶ್, ಸಮಿತಿಯ ಆಟಗಾರರ ತಂಡದ ನಾಯಕ. ಸಮಿತಿಯ ಕಂಪ್ಯೂಟರಿಗೆ ಮೂರು ಮಾನಿಟರುಗಳಿವೆ. ಉದ್ಘಾಟನೆಗೆ ಮೂವರು ಗಣ್ಯರು ಒಪ್ಪಿಕೊಂಡಿದ್ದರಿಂದ ತಲೆಗೊಂದರಂತೆ ತರಿಸಲಾಗಿತ್ತು. ಪರದೆಗಳಿಗೆ ಚಿತ್ರ ಕಳಿಸುವ ಹಳೆಯ ಕಾರ್ಡಿಗೆ ಮೂರನ್ನೂ ಒಟ್ಟಿಗೆ ನಡೆಸುವ ತ್ರಾಣವಿರಲಿಲ್ಲ. ಎಡಗಡೆಯ ಪರದೆಯಲ್ಲಿ ಶತ್ರು ಕಾಣಿಸಿಕೊಳ್ಳುವಷ್ಟರಲ್ಲಿ ಆಟದಲ್ಲಿ ಯತೀಶ್ ಸತ್ತು ಬಹಳ ಹೊತ್ತಾಗಿರುತ್ತಿತ್ತು. ಭೇರ್ಯ ಊರಿನ ತಂಡಕ್ಕೆ ಹೀಗೆಯೇ ಸೋಲುತ್ತ ಬಂದಿದ್ದ. ಈ ಸಲವೂ ಸೋತರೆ ತಂಡವನ್ನು ವಿಸರ್ಜಿಸಿ ಕೊಠಡಿಯಲ್ಲಿ ಗೊಬ್ಬರದ ಮೂಟೆ ಇಡುವುದೆಂದು ಸಮಿತಿ ಮೊದಲೇ ನಿರ್ಣಯಿಸಿತ್ತು.

"ಒಂದೊಂದ್ ಪರದೇಲೂ ಸೆಕೆಂಡಿಗೆ ನೂರ ನಲವತ್ನಾಲ್ಕು ಸಲ ಚಿತ್ರ ಬದಲಾಗ್ಬೇಕು" ಎಂದು ಯತೀಶ್ ವಿವರಿಸಿದ.

"ಒಂದ್ಸಲ ತೋರ್ಸುದ್ರೆ ನಿಂಗೆ ಕಾಣಲ್ವೇನ್ಲಾ?" ಎಂದರು ಖಜಾಂಚಿ ನಂಜಣ್ಣ.

"ಆಟ ತಡವರಿಸ್ದಂಗೆ ಓಡಕ್ಕೆ ಕಣಣ್ಣ."

"ಕ್ರಿಕೆಟ್ಟಲ್ಲಿ ಔಟಾದೋನ್ನೇ ಮೂರ್ ಸಲ ತೋರುಸ್ತಾರೆ. ಅದೇ ಜಾಸ್ತಿ ಬುಡು."

ಕಾರ್ಯದರ್ಶಿ ಉಷಾರಾಣಿಯವರು, 'ಸದಸ್ಯರ ಕಣ್ಣಿಗೆ ಬೀಳದ ಚಿತ್ರಗಳಿಗೆ ಸಮಿತಿ ಹೊಣೆಯಲ್ಲ' ಎಂದು ನಡಾವಳಿಯಲ್ಲಿ ಬರೆದುಕೊಂಡರು.

ಅಂಗಡಿಯವನು ಪರೀಕ್ಷೆಗೆಂದು ಎರಡು ಕಾರ್ಡು ಕಳಿಸಿದ್ದ. ಯತೀಶ್ ಮೆಚ್ಚಿದ್ದು ಚಿಕ್ಕದು. ಮೂರು ಮಾನಿಟರಿಗೂ ಜಾಗವಿತ್ತು, ಕರೆಂಟು ಕಡಿಮೆ ಕುಡಿಯುತ್ತಿತ್ತು, ತಣ್ಣಗಿರುತ್ತಿತ್ತು. ಇನ್ನೊಂದು ಹಳೆಯ ಮಾದರಿ, ಇಟ್ಟಿಗೆ ಗಾತ್ರದ್ದು.

"ಇದು ಬ್ಯಾಡ ಮಾವ, ಆಡ್ತಾ ಆಡ್ತಾ ಕೆಂಡ ಆಯ್ತದೆ" ಎಂದ ಅಧ್ಯಕ್ಷರಿಗೆ. ಅವನು ಮಾಡಿದ ತಪ್ಪು ಅದೊಂದೇ.

ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತಿದ್ದ ಅಧ್ಯಕ್ಷ ತಿಮ್ಮಯ್ಯನವರು ತಿರುಗಿದರು. "ಏನಂದೆ? ಕೆಂಡವಾ?"

ಸಭೆಯಲ್ಲಿದ್ದವರೆಲ್ಲ ಹೊಗೆಸೊಪ್ಪಿನ ಬೆಳೆಗಾರರು. ಸೊಪ್ಪನ್ನು ಬ್ಯಾರನ್ನು ಎಂಬ ಬಿಸಿ ಕೋಣೆಯೊಳಗೆ ತೂಗುಹಾಕಿ, ಶಾಖವನ್ನು ಹಂತ ಹಂತವಾಗಿ ಏರಿಸುತ್ತ ಕೂತು ಬೇಯಿಸುವ ಜನ. ಯಂತ್ರ ಯಾವುದಾದರೂ ಅದರ ಯೋಗ್ಯತೆಯನ್ನು ಅಂಗೈ ಒಡ್ಡಿ ಕಾವಿನಿಂದ ಅಳೆಯುವುದು ಅವರ ಪದ್ಧತಿ. ಎರಡೂ ಕಾರ್ಡುಗಳನ್ನು ಓಡಿಸಿ, ಸದಸ್ಯರು ಸಾಲಾಗಿ ಬಂದು ಅಂಗೈ ಒಡ್ಡಿದರು.

"ಇದು ಸತ್ತೋಗ್ಬುಟ್ಟದೆ ಕಣ್ಲಾ" ಎಂದರು ತಿಮ್ಮಯ್ಯನವರು, ಚಿಕ್ಕದರ ಮೇಲೆ ಕೈಯಿಟ್ಟು. ಇಟ್ಟಿಗೆಯಿಂದ ಕೈ ಸರಕ್ಕನೆ ಹಿಂದಕ್ಕೆ ಬಂತು. "ಇದ್ರಲ್ಲಿ ಜೀವ ಅದೆ!"

ಆಯ್ಕೆ ಸರ್ವಾನುಮತದಿಂದ ನಡೆಯಿತು. ಕೊಠಡಿ ಇಕ್ಕಟ್ಟಾಗಿದ್ದರಿಂದ, ಅಧ್ಯಕ್ಷರು ಉದಾರವಾಗಿ ಬಿಟ್ಟುಕೊಟ್ಟ ಅವರದೇ ಬ್ಯಾರನ್ನಿಗೆ ಕಂಪ್ಯೂಟರನ್ನು ಸ್ಥಳಾಂತರಿಸಲಾಯಿತು. ಬ್ಯಾರನ್ನಿನಲ್ಲಿ ಆಗಲೇ ಸೊಪ್ಪು ಏರಿಸಿದ್ದುದು ಕಾಕತಾಳೀಯ. ಕರೆಂಟು ಬಿಲ್ಲು ಸಮಿತಿಯದು. ಹಿಂದುಗಡೆ ಒಲೆಯಲ್ಲಿ ಸೌದೆಯೂ ಉರಿಯುತ್ತಿತ್ತು. ನಡಾವಳಿಯಲ್ಲಿ ಅದನ್ನು 'ಪೂರಕ ವ್ಯವಸ್ಥೆ' ಎಂದು ಕರೆಯಲಾಗಿದೆ.

ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: 'ಎಲೆ ಹಳದಿ ತಿರುಗುವವರೆಗೆ ಲೂಡೋ, ಇಸ್ಪೀಟು ಮುಂತಾದ ಮಂದ ಶಾಖದ ಆಟಗಳನ್ನು ಆಡತಕ್ಕದ್ದು. ಎಲೆ ಒಣಗುವ ಹಂತದಲ್ಲಿ ಕಾರ್ ರೇಸಿಗೆ ಅವಕಾಶವಿದೆ. ದಂಟು ಒಣಗುವಾಗ ಮಾತ್ರ ಮೂರೂ ಪರದೆಗಳಲ್ಲಿ ಯುದ್ಧ. ಯುದ್ಧ ಶುರುವಾದ ಮೇಲೆ ಆಟಗಾರರು ಅಧ್ಯಕ್ಷರ ಪೂರ್ವಾನುಮತಿ ಇಲ್ಲದೆ ಸಾಯತಕ್ಕದ್ದಲ್ಲ.'

ಪಂದ್ಯದ ದಿನ ಭೇರ್ಯದ ತಂಡ, ನಾಯಕ ವಸಂತನೊಂದಿಗೆ, ತನ್ನ ಕಂಪ್ಯೂಟರು ಹೊತ್ತು ಬಂತು. ಸೊಪ್ಪು ಇನ್ನೂ ಅರೆ ಹಳದಿ.

"ಮಾವ, ಇವತ್ ಯುದ್ಧ ಆಡ್ಲೇಬೇಕು. ಇಲ್ದಿದ್ರೆ ನಮ್ ಟೀಮೇ ಇರಕಿಲ್ಲ!" ಎಂದು ಯತೀಶ್ ಗೋಗರೆದ.

"ಈಗ ಯುದ್ಧ ಮಾಡುದ್ರೆ ಎಲೆ ಹಸ್ರಾಗೇ ಉಳ್ಕತದೆ ಕಣ್ಲಾ. ಹಂಗೇ ತಡ್ಕೊ" ಎಂದರು ತಿಮ್ಮಯ್ಯನವರು.

ಭೇರ್ಯದವರೂ ಬೆಳೆ ತೆಗೆಯುವ ಜನ. ಅರ್ಥಮಾಡಿಕೊಂಡು ತಿಮ್ಮಯ್ಯನವರ ಮನೆಯಲ್ಲೇ ಉಳಿದು, ದಂಟು ಒಣಗುವವರೆಗೂ ಮುದ್ದೆ ಉಂಡರು. ಆಮೇಲೆ, ಇಬ್ಬರಿಗೂ ಸಮಾನ ಪರಿಸ್ಥಿತಿ ಇರಬೇಕೆಂಬ ನಿಯಮದಂತೆ, ಎರಡೂ ಕಂಪ್ಯೂಟರುಗಳನ್ನು ಬ್ಯಾರನ್ನಿನೊಳಗೆ ಇಟ್ಟು ಯುದ್ಧ ಆರಂಭಿಸಲಾಯಿತು. ಸ್ವಲ್ಪ ಹೊತ್ತಿಗೇ ಕಾವು ತಾಳಲಾರದೆ ಎರಡೂ ನಿಂತುಹೋದವು. ಪರದೆಯಲ್ಲಿ ಯತೀಶ್ ಬಂದೂಕು ಎತ್ತಿದ್ದ, ವಸಂತ ಬಂದೂಕು ಎತ್ತಿದ್ದ. ಗುಂಡುಗಳು ನಡುದಾರಿಯಲ್ಲಿ ನಿಂತಿದ್ದವು. ಬೆವರು ಮಾತ್ರ ಎಲ್ಲೂ ತಡವರಿಸದೆ ಹರಿಯುತ್ತಿತ್ತು.

ತೀರ್ಪುಗಾರರಾಗಿದ್ದ ನಂಜಣ್ಣನವರು ಯೋಚಿಸಿ, ಎದ್ದು, ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದರು. ಎಲೆ ಚಿನ್ನದ ಬಣ್ಣಕ್ಕೆ ಬಂದಿತ್ತು.

"ಹಾರನಹಳ್ಳಿ ಗೆದ್ದದೆ" ಎಂದರು.

ಭೇರ್ಯದವರೂ ಎಲೆ ಮುಟ್ಟಿ ನೋಡಿ ಒಪ್ಪಿದರು. ತಂಡ ಉಳಿಯಿತು. ಗೊಬ್ಬರದ ಮೂಟೆಗಳು ಬೇರೆ ಜಾಗ ಹುಡುಕಿಕೊಂಡವು. ಯತೀಶನಿಗೆ ಮತದಾನದ ಹಕ್ಕು ಸಿಕ್ಕಿತು.

ಹೊರಡುವ ಮುನ್ನ ವಸಂತ ಅವನನ್ನು ಪಕ್ಕಕ್ಕೆ ಕರೆದ. "ಯತೀಶಣ್ಣ, ನಾವೂ ಕಾರ್ಡ್ ಬದಲಾಯುಸ್ಬೇಕು. ನಮ್ದೂ ಮೂರ್ ಮಾನಿಟರ್ರೇ. ಯಾವ್ದು ತಕೊಳ್ಳಾನ?"

ಯತೀಶ್ ಮೆಮೊರಿ ಎಷ್ಟೆಂದು ಕೇಳಲಿಲ್ಲ, ಯಾವ ಆಟವೆಂದೂ ಕೇಳಲಿಲ್ಲ.

"ಏನ್ ಬೆಳ್ದಿದ್ದೀರಿ?"

"ಭತ್ತ."

"ಅಂಗಾದ್ರೆ ಫ್ಯಾನ್ ಜಾಸ್ತಿ ಇರೋದು ತಕೊಳ್ಳಿ" ಎಂದ ಯತೀಶ್. "ಜೊಳ್ಳು ತೂರಕ್ಕೂ ಆಯ್ತದೆ."