ಮೆಟ್ಟಿಲಾಗದೆ ಉಳಿದ ಜಲ್ಲಿ ರಾಶಿಯವರಿಗೆ

ನಮ್ಮ ಮನೆಯ ಗೇಟಿನ ಎಡಬದಿಯಲ್ಲಿ, ಕಾಂಪೌಂಡಿಗೆ ಒರಗಿಕೊಂಡು ಕಾಯಂ ವಾಸವಾಗಿರುವ ಮುಕ್ಕಾಲಿಂಚಿನ ಜಲ್ಲಿ ರಾಶಿಯವರಿಗೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂಬುದು ದಿನಾ ಬೆಳಿಗ್ಗೆ ಗೇಟು ತೆಗೆಯುವಾಗಲೇ ನನಗೆ ಗೊತ್ತಾಗುತ್ತದೆ. ತಮ್ಮ ಪರಿವಾರದ ಒಬ್ಬರಾದರೂ ಗೇಟಿನ ಕೆಳಗೆ ಸಿಕ್ಕಿಕೊಂಡು, ಅದು ಅರ್ಧಕ್ಕೆ ನಿಂತು, ನಾನು ಬಗ್ಗಿ ಅವರನ್ನು ಕೈಯಾರೆ ಎತ್ತಿ ತಮ್ಮ ಬಳಿಗೆ ಕಳಿಸಿಕೊಟ್ಟ ಮೇಲೆಯೇ ನನಗೆ ಕೆಲಸಕ್ಕೆ ಹೋಗಲು ಅಪ್ಪಣೆ ಸಿಗುವುದು. ನಮ್ಮ ಕ್ಷೇಮವನ್ನು ತಾವು ಎಂದೂ ವಿಚಾರಿಸಿದವರಲ್ಲ; ಆ ಬೇಸರಕ್ಕೆ ಈ ಪತ್ರ ಬರೆಯುತ್ತಿದ್ದೇನೆಂದು ದಯವಿಟ್ಟು ತಿಳಿಯಬಾರದು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ತಮ್ಮ ವಿಚಾರ ಬೀದಿಯಲ್ಲಿ ಯಾರಿಗೂ ಗುಟ್ಟಲ್ಲ, ನಮ್ಮ ಮನೆಯೊಳಗೆ ಮಾತ್ರ ಅದನ್ನು ಯಾರೂ ಎತ್ತುವುದಿಲ್ಲ.

ತಾವು ಲಾರಿಯಿಂದ ಇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಮತ್ತು ಅಮ್ಮ ಇಬ್ಬರೇ ಇರುವ ಈ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿ, ಬಾಡಿಗೆ ಮನೆಯಲ್ಲಿದ್ದ ಅಣ್ಣ, ಅತ್ತಿಗೆ, ಮಕ್ಕಳು ಅಲ್ಲಿಗೆ ಬರುವುದೆಂದು ನಿಶ್ಚಯವಾಗಿತ್ತು. ಅಣ್ಣ ತಮ್ಮಲ್ಲಿ ಒಂದು ಹಿಡಿ ಎತ್ತಿ, ಕುಲುಕಿ, “ಧೂಳು ಕಮ್ಮಿ, ಒಳ್ಳೇ ಮಾಲು” ಎಂದು ಸರ್ಟಿಫಿಕೇಟು ಕೊಟ್ಟ. ಬಳಿಕ ಒಳಗೆ ಬಂದು, ಹಾಲ್‌ನ ಮೂಲೆಯಲ್ಲಿ ಮಂಡಿಯೂರಿ, ಮೆಟ್ಟಿಲು ಎಲ್ಲಿಂದ ಏಳಬೇಕೆಂಬುದನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ. ನಾನು, ಮೆಟ್ಟಿಲು ಮನೆಯ ಹೊರಗಿನಿಂದ ಇರಲಿ, ಅವರವರ ಅನುಕೂಲ ಅವರವರಿಗೆ, ಎಂದೆ. ಇಡೀ ದಿನ ಕನ್ನಡಕದಂಗಡಿಯಲ್ಲಿ ಕೂತು, ಈ ಗಾಜು ಸ್ಪಷ್ಟವೋ ಆ ಗಾಜು ಸ್ಪಷ್ಟವೋ ಎಂದು ಜನರನ್ನು ಕೇಳುವುದೇ ನನ್ನ ಉದ್ಯೋಗವಾದ್ದರಿಂದ, ಅದನ್ನೂ ಅದೇ ದನಿಯಲ್ಲಿ ಹೇಳಿದೆನೆಂದು ಕಾಣುತ್ತದೆ. ಅಮ್ಮ, “ಮೆಟ್ಲು ಒಳಗಿದ್ರೆ ಮಕ್ಕಳು ಊಟದ ಹೊತ್ತಿಗೆ ತಾವಾಗೇ ಇಳಿದು ಬರ್ತಾವೆ. ಹೊರಗಿದ್ರೆ ನೆಂಟರ ಥರ ಬೆಲ್ ಒತ್ತಬೇಕು” ಎಂದಳು. ಅಣ್ಣ ಸೀಮೆಸುಣ್ಣವನ್ನು ಕಿಟಕಿಯ ಮೇಲಿಟ್ಟು, “ಅಂದ್ರೆ ನಿನ್ನ ಹಾಲ್‌ನಲ್ಲಿ ನಾನು ಓಡಾಡಬಾರದು ಅಂತಾಯ್ತು. ನೇರವಾಗಿ ಹೇಳಪ್ಪಾ, ನಂಗೇನೂ ಬೇಜಾರಿಲ್ಲ” ಎಂದ. ಬೇಜಾರಿಲ್ಲ ಎಂದವನು ಅಂದಿನಿಂದ ಗೇಟು ದಾಟಿಲ್ಲ. ಅಮ್ಮನನ್ನು ಕರೆದೊಯ್ಯಬೇಕಾದಾಗ ಬೀದಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಹಾರನ್ ಹೊಡೆಯುತ್ತಾನೆ. ನಾನು ಆ ಮೂಲೆಗೆ ಹೊಸದೊಂದು ಕಬ್ಬಿಣದ ಬೀರು ಕೊಂಡು ತಂದೆ. ಮನೆಯಲ್ಲಿ ಬೀರುವಿನ ಅಗತ್ಯ ಬಹಳ ಇತ್ತೆಂದು ಎಲ್ಲರೂ ಒಪ್ಪಿಕೊಂಡರು.

ಇಷ್ಟಕ್ಕೆ ತಮ್ಮನ್ನು ದೂರುವುದು ನ್ಯಾಯವಲ್ಲವೆಂದು ತಾವು ಅನ್ನಬಹುದು. ತಮ್ಮ ಮೇಲಿನ ಆರೋಪ ಬೇರೆಯೇ ಇದೆ. ತಮ್ಮೊಂದಿಗೆ ಬಂದ ಮರಳು ಮೊದಲ ಮಳೆಗಾಲದಲ್ಲೇ ಚರಂಡಿಯ ದಾರಿ ಹಿಡಿದು, ನಮ್ಮ ಮನೆಯ ವ್ಯವಹಾರ ತನಗೆ ಬೇಡವೆಂದು ಸ್ಪಷ್ಟವಾಗಿ ತಿಳಿಸಿತು. ಸಿಮೆಂಟು ಚೀಲದಲ್ಲೇ ಗಟ್ಟಿಯಾಗಿ ಚೀಲದ ಆಕಾರದ ಬಂಡೆಯಾಯಿತು. ಕಂಬಿಗಳು ತುಕ್ಕು ಹಿಡಿದು ಗುಜರಿಗೆ ಹೋದವು. ಇವರೆಲ್ಲರೂ ಕಾಲಕ್ಕೆ ತಕ್ಕಂತೆ ಕೆಟ್ಟು, ತಂತಮ್ಮ ಮರ್ಯಾದೆ ಉಳಿಸಿಕೊಂಡರು. ತಾವೊಬ್ಬರೇ ಕೆಡಲಿಲ್ಲ. ಹಾಲಿನಂತೆ ಒಡೆಯುವ ಗುಣ ತಮಗಿದ್ದಿದ್ದರೆ ನಾವು ಆ ವಾರದಲ್ಲೇ ಒಂದು ತೀರ್ಮಾನಕ್ಕೆ ಬರುತ್ತಿದ್ದೆವು; ಹಣ್ಣಿನಂತೆ ಕೊಳೆತಿದ್ದರೂ ಆ ವಾಸನೆಯ ನೆಪದಲ್ಲಿ ಇಬ್ಬರಲ್ಲೊಬ್ಬರು ಬಾಯಿ ತೆರೆಯುತ್ತಿದ್ದೆವು. ಇವತ್ತಲ್ಲದಿದ್ದರೆ ಮುಂದಿನ ವರ್ಷ ಎಂದು ನಮ್ಮನ್ನು ಇಷ್ಟು ಕಾಲ ಸಮಾಧಾನದಿಂದ ಇಟ್ಟಿರುವುದು ತಮ್ಮ ಈ ಅಸಾಧಾರಣ ಸಹನೆಯೇ. ಆದ್ದರಿಂದ, ತಡವಾಗಿಯಾದರೂ ಸ್ವಲ್ಪ ಹಳಸಿಕೊಡಬೇಕೆಂದು, ಕನಿಷ್ಠ ಬೂಷ್ಟಾದರೂ ಹಿಡಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ತಾವು ಬೀದಿಗೆ ಮಾಡಿರುವ ಉಪಕಾರವನ್ನು ಇಲ್ಲಿ ಮರೆತರೆ ಕೃತಘ್ನನಾದೇನು. ಎದುರು ಮನೆಯ ದರ್ಜಿ ತನ್ನ ಅಂಗಡಿಯ ಹೊಸ್ತಿಲ ಮುಂದಿನ ಕೆಸರಿಗೆ ತಮ್ಮನ್ನೇ ಹಾಸಿಕೊಂಡಿದ್ದಾನೆ. ಮೂಲೆಮನೆಯ ನರ್ಸಮ್ಮನ ಮೀನಿನ ತೊಟ್ಟಿಯ ತಳದಲ್ಲಿ ತಾವು ತೊಳೆದ ಮುಖದಿಂದ ಕೂತಿರುವುದನ್ನು ನಾನೇ ಕಂಡಿದ್ದೇನೆ. “ಒಂದು ಬಾಂಡ್ಲಿ ಅಷ್ಟೇ, ಹೇಗಿದ್ರೂ ಸುಮ್ನೆ ಬಿದ್ದಿರೋದು ತಾನೇ” ಎನ್ನುತ್ತ ಒಯ್ದವರು ಯಾರೂ ಕಳ್ಳರಲ್ಲ, ಕೇಳಿಯೇ ಒಯ್ದರು, ನಾನು ಇಲ್ಲವೆನ್ನಲಿಲ್ಲ. ಹೀಗೆ ನೆಟ್ಟಗೆ ಮೇಲೇಳಬೇಕಿದ್ದ ನಮ್ಮ ಅಂತಸ್ತು ಬೀದಿಯುದ್ದಕ್ಕೂ ಅಡ್ಡಡ್ಡ ಎದ್ದಿದೆ. ಸಂಜೆ ಅಂಗಡಿಯಿಂದ ಬರುವಾಗ ನಾನು ಅಣ್ಣನ ಅಡುಗೆಮನೆಯನ್ನೋ, ಮಕ್ಕಳ ಕೋಣೆಯನ್ನೋ ತುಳಿದುಕೊಂಡೇ ಬರುತ್ತೇನೆ.

ಇದಕ್ಕೆ ಒಪ್ಪದವಳು ಅಮ್ಮ ಒಬ್ಬಳೇ. ಚಕ್ರಕ್ಕೋ ಕಾಲಿಗೋ ಸಿಕ್ಕಿ ರಸ್ತೆಗೆ ಚದುರಿದ ತಮ್ಮವರನ್ನು ಆಕೆ ಬೆಳಿಗ್ಗೆ ಪೊರಕೆಯಿಂದ ಗುಡಿಸಿ ಮತ್ತೆ ರಾಶಿಗೆ ಸೇರಿಸುತ್ತಾಳೆ. ಮಂಡಿ ನೋವು ಬಂದ ಮೇಲೆ ಒಂದು ಮಣೆ ಹಾಕಿಕೊಂಡು, ಕೂತಲ್ಲಿಂದಲೇ ಎಳೆದುಕೊಳ್ಳುತ್ತಾಳೆ. ರಸ್ತೆ ಕೆಲಸದವರು ಕೇಳುತ್ತಿದ್ದಾರೆ, ಎಲ್ಲವನ್ನೂ ಕೊಟ್ಟುಬಿಡೋಣ ಎಂದು ನಾನೊಮ್ಮೆ ಹೇಳಿದಾಗ ಆಕೆ ತಲೆಯೆತ್ತದೆ, “ಕೊಡು. ಆಮೇಲೆ ಅವನು ಬಂದ್ರೆ ಏನು ತೋರಿಸ್ತೀಯಾ?” ಎಂದಳು. ಅಂದರೆ, ಮಾನ್ಯರೇ, ಆಕೆಯ ಲೆಕ್ಕದಲ್ಲಿ ಕೆಲಸ ನಿಂತಿಲ್ಲ, ತಡವಾಗಿದೆ ಅಷ್ಟೇ. ತಾವು ಖಾಲಿಯಾದ ದಿನ ಅದು ನಿಂತಂತೆ. ತಮಗೆ ಇಂಥ ಜವಾಬ್ದಾರಿ ಇರುವುದು ತಿಳಿದಿದ್ದೂ ತಾವು ಬಾಂಡ್ಲಿ ಬಾಂಡ್ಲಿಯಾಗಿ ಕರಗುತ್ತ ಹೋದದ್ದನ್ನು ಏನೆಂದು ಕರೆಯಲಿ? ಹೋದ ತಿಂಗಳು ತಾವು ನನ್ನ ಮೊಣಕಾಲಿಗಿಂತ ಕೆಳಗೆ ಇಳಿದಿರಿ. ಭಾನುವಾರದ ಫೋನಿನಲ್ಲಿ ಅಮ್ಮ ಅಣ್ಣನಿಗೆ, “ಜಲ್ಲಿ ಮುಗೀತಾ ಬಂತು ಕಣೋ” ಎಂದಳು. ಆ ಕಡೆಯಿಂದ ಏನು ಬಂತೋ ತಿಳಿಯದು. ಈ ಕಡೆ ಅಮ್ಮ ಮಂಡಿಯ ಮುಲಾಮಿನ ವಿಚಾರಕ್ಕೆ ಹೋದಳು.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಮೊನ್ನೆ ನಾನು ಅಂಗಡಿಯಿಂದ ಬರುವಷ್ಟರಲ್ಲಿ ತಾವು ಬೆಳೆದಿದ್ದಿರಿ. ಯಾರಿಗೂ ಒಂದು ಮಾತು ಹೇಳದೆ, ಮನೆಯ ಯಜಮಾನನೆನಿಸಿಕೊಂಡ ನನ್ನ ಅಪ್ಪಣೆಯಿಲ್ಲದೆ, ಸೊಂಟದೆತ್ತರಕ್ಕೆ ಬೆಳೆದಿದ್ದಿರಿ. ಅಮ್ಮನ ಪೊರಕೆಯಿಂದ ಮಂಕಾದ ಹಳಬರ ಮೇಲೆ ನೀಲಿಗಪ್ಪು ಬಣ್ಣದ, ಅಂಚು ಇನ್ನೂ ಚೂಪಾಗಿರುವ ಹೊಸಬರು ಕೂತಿದ್ದರು. ಕಲ್ಲು ಮರಿ ಹಾಕುವುದೆಂದು ನಾನು ಎಲ್ಲೂ ಓದಿಲ್ಲವಾದ್ದರಿಂದ ದರ್ಜಿಯನ್ನು ಕೇಳಿದೆ. ಅವನು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, “ನಿಮ್ಮಣ್ಣ ಲಾರಿಯ ಮುಂದಿನ ಸೀಟಲ್ಲೇ ಕೂತಿದ್ರಲ್ಲ. ಇಳೀರಿ ಸಾರ್, ಟೀ ಕುಡಿಯೋಣ ಅಂದೆ, ಇಳೀಲಿಲ್ಲ. ಒಂದು ಮೆಟ್ಲಿಗೆ ಸಾಕಾಗೋಷ್ಟು ಅಂತ ಡ್ರೈವರ್ ಹೇಳ್ದ” ಎಂದ. ಒಳಗಿನ ಮೆಟ್ಟಿಲಿಗೋ, ಹೊರಗಿನದಕ್ಕೋ, ಎಂದು ಕೇಳಿದೆ. “ಅದನ್ನ ನೀವು ಜಲ್ಲೀನೇ ಕೇಳ್ಬೇಕು” ಎಂದು ಪಿನ್ನು ಮತ್ತೆ ಬಾಯಿಗಿಟ್ಟುಕೊಂಡ.

ಅವನ ಸಲಹೆಯಂತೆ ತಮ್ಮನ್ನೇ ಕೇಳುತ್ತಿದ್ದೇನೆ. ಒಳಗಿನದಕ್ಕೋ, ಹೊರಗಿನದಕ್ಕೋ? ಲಾರಿಯಲ್ಲಿ ಅಷ್ಟು ದೂರ ಅಣ್ಣನ ಬೆನ್ನ ಹಿಂದೆಯೇ ಬಂದವರು ತಾವು. ದಾರಿಯಲ್ಲಿ ಅವನು ಏನಾದರೂ ಅಂದಿರಬೇಕು. ಬಾಯಿಂದ ಹೇಳಲು ಸಂಕೋಚವಾದರೆ, ಒಂದು ಬೆಳಿಗ್ಗೆ ಗೇಟಿನಿಂದ ಹಾಲ್‌ನ ಮೂಲೆಯವರೆಗೆ ಸಾಲಾಗಿ ಉರುಳಿ ಬಂದು ನಿಂತರೂ ಸಾಕು. ಹೊರಗೋಡೆಯ ಕಡೆಗೆ ಉರುಳುವುದಾದರೆ ಮಾತ್ರ, ಅಮ್ಮ ಪೊರಕೆ ಹಿಡಿದು ಕೂತಿರುತ್ತಾಳೆಂಬುದನ್ನು ಗಮನದಲ್ಲಿಟ್ಟುಕೊಂಡು, ಆಕೆ ಏಳುವ ಮೊದಲೇ ಕೆಲಸ ಮುಗಿಸಬೇಕಾಗಿ ಪ್ರಾರ್ಥನೆ.

ದಿನಾ ಬಗ್ಗಿ ಗೇಟು ತೆಗೆಯುವ,
ತಮ್ಮ ವಿಶ್ವಾಸಿ

ಮರೆತ ಮಾತು: ಹಾಲ್‌ನಲ್ಲಿರುವ ಬೀರುವಿನ ಹಿಂದೆ ಜಿರಳೆ ಸೇರಿಕೊಂಡಿವೆಯೆಂಬ ಅನುಮಾನದಿಂದ ನಿನ್ನೆ ಅದನ್ನು ದಬ್ಬಿ ಜಾಗ ಬಿಡಿಸಿದೆ. ಜಿರಳೆ ಇರಲಿಲ್ಲ. ಸೀಮೆಸುಣ್ಣದ ಗೆರೆಗಳು ಇದ್ದವು. ಮನೆಯಲ್ಲಿ ಯಾವುದನ್ನೂ ಬಿಡದ ಅಮ್ಮನ ಪೊರಕೆ ಅವನ್ನು ಮಾತ್ರ ಮುಟ್ಟದೆ ಬಳಸಿಕೊಂಡು ಹೋಗಿರುವಂತೆ ಕಾಣುತ್ತದೆ. ಇದಕ್ಕೆ ತಾವು ಯಾವ ಅರ್ಥವನ್ನೂ ಹಚ್ಚಬಾರದು. ಬೀರು ಸದ್ಯಕ್ಕೆ ಹಾಲ್‌ನ ನಡುವೆ, ತಮ್ಮಂತೆಯೇ ದಾರಿಗಡ್ಡವಾಗಿ ನಿಂತಿದೆ. ಅದನ್ನು ಅಲ್ಲಿಂದ ಎತ್ತಿ ಕೋಣೆಯೊಳಗೆ ಇಡಲು ಇಬ್ಬರು ಬೇಕು. ಒಬ್ಬ ಮನೆಯಲ್ಲೇ ಇದ್ದಾನೆ.