ಪರಪ್ಪನ ಇಪ್ಪತ್ತಮೂರು ತಾಯಂದಿರು

ಕಲ್ಲೋಳಿಯ ಕುಂಬಾರ ಓಣಿಯ ಕರೆವ್ವನ ನಿರ್ಮಾತೃ ಪರವಾನಗಿಯು ಮಣ್ಣೆತ್ತಿನ ಅಮಾವಾಸ್ಯೆಗೆ ಹನ್ನೊಂದು ದಿನ ಬಾಕಿ ಇರುವಾಗ, ಮುಂಜಾನೆ ಸರಿಯಾಗಿ ಹತ್ತು ಗಂಟೆಗೆ, ನಿಯಮಾನುಸಾರ ಮುಕ್ತಾಯವಾಯಿತು. ಆ ಹೊತ್ತಿನ್ಯಾಗ ಕರೆವ್ವ ಇನ್ನೂರಾ ನಲವತ್ತನೇ ಜೋಡಿ ಎತ್ತಿಗೆ ಕೋಡು ಹಚ್ಚಾಕತ್ತಿದ್ಳು. ಹತ್ತರ ಒಳಗ ಹಚ್ಚಿದ ಕೋಡು ಕಾಯ್ದೆಶೀರ, ಹತ್ತು ದಾಟಿದ್ಮ್ಯಾಲ ಹಚ್ಚಿದ್ದು ಅಪರಾಧ. ಒಂದ ಎತ್ತಿನ ಎಡಗೋಡು ಕಾಯ್ದೆ ಒಳಗ ಉಳೀತು, ಬಲಗೋಡು ಹೊರಗ ಬಿತ್ತು.

ಹಬ್ಬಕ್ಕಂತ ಮಣ್ಣಾಗ, ಕಟಿಗ್ಯಾಗ ಏನ ಮಾಡಿದ್ರೂ ಪರವಾನಗಿ ಇರಬೇಕು ಅಂತ ಏಳು ವರ್ಷದ ಹಿಂದ ಗೋಕಾಕದಾಗ ಒಂದು ಕೋಶ ತೆರದ್ರು. ಹೆಸರು, ಹಬ್ಬೋಪಯೋಗಿ ವಸ್ತು ನಿರ್ಮಾತೃಗಳ ಸಂರಕ್ಷಣಾ ಕೋಶ. ಯಾರಿಂದ ಸಂರಕ್ಷಣಾ ಅನ್ನೂದನ್ನ ಬೋರ್ಡಿನ ಮ್ಯಾಲ ಬರಿಯಾಕ ಜಾಗಾ ಸಾಲಲಿಲ್ಲ. ಅದರ ಹದಿನಾಲ್ಕನೇ ನಿಯಮ ಹಿಂಗ ಐತಿ: "ಪರವಾನಗಿ ಇಲ್ಲದ ಮಣ್ಣಿನ ಎತ್ತುಗಳನ್ನು ನೀರು ಸುರಿದು ಮೂಲಸ್ಥಿತಿಗೆ ಮರಳಿಸತಕ್ಕದ್ದು." ಹ್ವಾದ ವರ್ಷ ಅಂಕಲಗಿ ಮಾಳಪ್ಪನ ಅರವತ್ತು ಜೋಡಿ ಎತ್ತಿನ ಮ್ಯಾಲ ಕೋಶದವರು ಆರು ಕೊಡ ನೀರು ಹಾಕಿ, ಕೆಸರಿನ ಮುಂದ ನಿಂತು ಫೋಟೋ ತಕ್ಕೊಂಡ್ರು. ಕೊಡ ಮಾಳಪ್ಪಂದ, ನೀರೂ ಮಾಳಪ್ಪಂದ.

ಕರೆವ್ವ ಗಂಡ ಸತ್ತಾಕಿ, ಐವತ್ತೆಂಟು ವಯಸ್ಸು, ಜತಿಗೆ ಮಗಳು ಲಕ್ಷ್ಮೀ. ಅಮಾವಾಸ್ಯೆ ದಿನ ಮನಿಮನಿಯವರು ಒಂದ ಜೋಡಿ ಎತ್ತು ಒಯ್ದು ಪೂಜಾ ಮಾಡ್ತಾರ, ಬದಲಿಗೆ ಇಕಿ ಕೇರೂ ಮರದಾಗ ಜ್ವಾಳ ಸುರೀತಾರ. ವರ್ಷಾನಗಟ್ಲೆ ತಾಯಿ ಮಗಳು ರೊಟ್ಟಿ ಬಡಿಯೂದು ಅದ ಜ್ವಾಳದ ಮ್ಯಾಲ. ಅಮಾವಾಸ್ಯೆ ಮರುದಿನ ಮಣ್ಣೆತ್ತನ್ನ ಯಾರೂ ಪುಕ್ಕಟೆ ಸೈತ ಒಯ್ಯಂಗಿಲ್ಲ. ಹುಕ್ಕೇರಿ ತಾಲೂಕಿನ ಯಮಕನಮರಡಿಯಿಂದ ಸುಶಾಂತ ಅನ್ನೋ ವ್ಯಾಪಾರಿ ಬರ್ತಾನ. ಅಂವನ ಎತ್ತು ಅಚ್ಚಿನ್ಯಾಗ ಮಾಡಿದ ಪ್ಲಾಸ್ಟರಿನವು, ಬಣ್ಣ ಬಳಕೊಂಡ ಲಾರಿಯಿಂದ ಇಳೀತಾವ. ಅಂವನ ಉಗುರಾಗ ಒಂದ ದಿನ ಮಣ್ಣ ಕಂಡಿಲ್ಲ. ಹಂಗಾಗಿ ಅಂವಗ "ಬೃಹತ್ ನಿರ್ಮಾತೃ" ಅಂತ ಆಜೀವ ಪರವಾನಗಿ ಐತಿ. ಮೂಡಲಗಿ ಸಂತ್ಯಾಗ ಕರೆವ್ವ ಕುಂದ್ರೂ ಜಾಗಾ ಈ ಸಲ ಖಾಲಿ ಆಗ್ತೈತೇನು ಅಂತ ಅಂವ ಬಾಳ ಕಾಳಜಿಯಿಂದ ಕೇಳಿ ಹೋಗಿದ್ದ.

ಪರವಾನಗಿ ಮರುಜೀವ ಮಾಡೂದು ಈಗ ಪೂರಾ ಆನ್‌ಲೈನ್. ಮೂಡಲಗಿಯೊಳಗ ಕಂಪ್ಯೂಟರ್ ಅಂಗಡಿ ಇಟ್ಟ ಕಾಜಲ್ ಕಡೆ ಕರೆವ್ವ ಹೋದ್ಳು. ಕಾಜಲ್ ಎರಡು ಸಲ ಒತ್ತಿದ್ಳು.

"ಕಾಕೂ, ನಿಮ್ಮ ಫೋನಿಗೆ ಆರಂಕಿ ಕೋಡ್ ಬಂದೈತಿ. ಹೇಳ್ರಿ. ಮೂರ ಮಿನಿಟ ಜೀವ ಇರ್ತೈತಿ ಅದು."

"ನನ್ನ ಕಡೆ ಎಲ್ಲಿ ಫೋನವಾ?"

"ಮತ್ತ ಈ ನಂಬರ್ ಯಾರ್ದ್ರಿ? ಕೊನಿಗೆ ನಾಲ್ಕು ನಾಲ್ಕು ಐತಿ."

ಕರೆವ್ವ ಸೆರಗ ಬಾಯಿಗೆ ಒತ್ತಿ ಅಂದ್ಳು, "ಅದು ಪರಪ್ಪಂದು."

ಇಲ್ಲೆ ಒಂದು ಹಿಂದಿನ ಮಾತು ಹೇಳಬೇಕು. ಏಳು ವರ್ಷದ ಹಿಂದ ಹೆಸರು ಬರಕೊಳ್ಳಾಕ ಬಂದಾಗ ಓಣ್ಯಾಗ ಇದ್ದದ್ದು ಒಂದ ಫೋನು, ಪರಪ್ಪಂದು. "ಯಾರ ನಂಬರಾದ್ರೂ ನಡೀತೈತಿ" ಅಂದ್ರು ಬರಕೊಳ್ಳಾವ್ರು. ಓಣ್ಯಾಗಿನ ಇಪ್ಪತ್ತಮೂರೂ ಮಂದಿ ಕುಂಬಾರರು ಪರಪ್ಪನ ನಂಬರ ಬರಸಿದ್ರು. ಆಮ್ಯಾಲ ಶುರು ಆತು ನೋಡ್ರಿ. ಊಟಕ್ಕ ಕುಂತಾಗ, ಜಳಕಕ್ಕ ಹ್ವಾದಾಗ, ಪರಪ್ಪನ ಫೋನಿಗೆ "ಮಾನ್ಯ ಕರೆವ್ವ ಅವರೇ", "ಮಾನ್ಯ ಸುಂದ್ರವ್ವ ಅವರೇ" ಅಂತ ಸಂದೇಶ ಬರಾಕ ಹತ್ತಿದ್ವು. ಅಂವನ ಹೆಂಡ್ತಿ ಯಮನವ್ವ ಫೋನ್ ಕಸಗೊಂಡು ಜ್ವಾಳದ ಪೆಟಿಗ್ಯಾಗ ಹೂತು, ಕೀಲಿಕೈ ಸೊಂಟಕ್ಕ ಸಿಗಸಿದ್ಳು. ದಿನಾ ತೆಗದು ಚಾರ್ಜ್ ಮಾತ್ರ ಹಾಕ್ತಾಳ, ಯಾಕಂದ್ರ ಯಾರ್ಯಾರ ಹೆಸರು ಬರ್ತಾವ ಅಂತ ನೋಡಬೇಕಲ್ಲ. ಪರಪ್ಪ ಕುಂಬಾರಕಿ ಮಾಡದಾಂವ, ದಿನಾ ಸಂಜೀಕ ಕರೆವ್ವನ ಅಂಗಳಕ್ಕ ಮಣ್ಣು ಹದಾ ಆಗೈತೇನು ನೋಡಾಕ ಯಾಕ ಹೋಗ್ತಿದ್ದ ಅನ್ನೂದು ಬ್ಯಾರೆ ವಿಷಯ. ಅದನ್ನ ನಾ ಎತ್ತಂಗಿಲ್ಲ. ನಮ್ಮ ಕಟ್ಟಿ ಮ್ಯಾಲಿಂದ ಪೂರಾ ಕಾಣ್ತಿತ್ತು, ಅಷ್ಟ.

ಮರುದಿನ ಕರೆವ್ವ ಯಮನವ್ವನ ಬಾಗಲಾಗ ನಿಂತ್ಳು. ಹೇಳಿದ ಹೊತ್ತಿಗೆ ಕಾಜಲ್ ಮೂಡಲಗ್ಯಾಗ ಒತ್ತಿದ್ಳು, ಇಲ್ಲೆ ಪೆಟಿಗ್ಯಾಗ ಟಣ್ ಅಂತು. ಯಮನವ್ವ ಫೋನ್ ತೆಗದು, ಜ್ವಾಳ ಝಾಡಿಸಿ, ಕಣ್ಣ ಹತ್ರ ಹಿಡದ್ಳು.

"ಬಂದೈತಿ."

"ಏನೈತಿ ಹೇಳಬೇ ಲಗೂನ."

"ಹೇಳಾಕ ಬರಂಗಿಲ್ಲ. ಕೇಳಿಲ್ಲೆ ಏನ್ ಬರದಾರ. 'ಈ ಗುಪ್ತ ಸಂಖ್ಯೆಯನ್ನು ಕುಟುಂಬದ ಹೊರಗಿನ ಯಾರಿಗೂ ತಿಳಿಸತಕ್ಕದ್ದಲ್ಲ.' ನೀ ನನ್ನ ಕುಟುಂಬೇನು?"

"ಯಮನವ್ವಾ, ಮೂರ ಮಿನಿಟ ಅಷ್ಟ ಟೈಮ್ ಐತಿ."

"ನಾ ಏಳು ವರ್ಷ ತಡಕೊಂಡೇನಿ. ನೀ ಮೂರ ಮಿನಿಟ ತಡಕೊ."

ಮೂರು ಮಿನಿಟ ಆತು, ಕೋಡ್ ಸತ್ತಿತು. ಹಿಂಗ ನಾಲ್ಕು ದಿನದಾಗ ಒಂಬತ್ತು ಕೋಡ್ ಆ ಹೊಸ್ತಿಲ ಮ್ಯಾಲ ಪ್ರಾಣ ಬಿಟ್ಟವು. ಈ ಎಚ್ಚರಿಕಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಎಲ್ಲಾ ಫೋನಿಗೂ ಬರ್ತೈತಿ. ಅದನ್ನ ಪೂರಾ ಓದಿ ಪಾಲಿಸಿದ ನಾಗರಿಕಳು ಇಲ್ಲೀತನಕ ಯಮನವ್ವ ಒಬ್ಬಾಕಿನ.

ಕರೆವ್ವ ಗೋಕಾಕದ ಬಸ್ಸ್ ಹತ್ತಿದ್ಳು. ಕೋಶದಾಗ ಗುರುರಾಜ ಅನ್ನೋ ಮೇಲ್ವಿಚಾರಕ ಇದ್ದ. ಕರೆವ್ವ ತಂದ ಮಂಕರಿ ನೋಡಿ, ಪರೀಕ್ಷಾ ಮಾದರಿ ಅಂತ ಆರು ಜೋಡಿ ಎತ್ತು ತಗದು ಟೇಬಲ್ ಕೆಳಗ ಇಟ್ಟ. ಮನಿಗೊಂದು, ಅತ್ತಿ ಮನಿಗೊಂದು, ಸಾಹೇಬ್ರಿಗೆ ನಾಲ್ಕು.

"ನಂಬರ ಬದಲಿ ಮಾಡ್ರಿ ಸಾಹೇಬ್ರ."

"ಮಾಡೋಣು. ಬದಲಿ ಮಾಡಾಕ ಹಳೇ ನಂಬರಿಗೆ ಕೋಡ್ ಹೋಗ್ತೈತಿ, ಅದನ್ನ ಹೇಳ್ರಿ."

"ಅದನ್ನ ಅಕಿ ಹೇಳವಲ್ಲಳ್ರಿ."

"ಹೇಳಬಾರದು. ಅಕಿ ಮಾಡಿದ್ದು ಬರೋಬ್ಬರಿ ಐತಿ." ಗುರುರಾಜ ಪುಸ್ತಕ ತಿರುವಿದ. "ಫೋನಿನ ಮಾಲಕ ತೀರಿಕೊಂಡಿದ್ರ ಒಂದು ಸೋವಿ ದಾರಿ ಐತಿ. ತೀರಿಕೊಂಡಾನೇನು?"

"ಇಲ್ರಿ. ನಾ ಬರುವಾಗ ಚಾ ಕುಡ್ಯಾಕತ್ತಿದ್ದ."

ಗುರುರಾಜನ ಮಾರಿ ಸಣ್ಣದಾತು. "ಹಂಗಾರ ಕುಟುಂಬದ ಸದಸ್ಯೆ ಆಗಬೇಕು. ನಮೂನೆ ಒಂಬತ್ತು. ಇದು ಆನ್‌ಲೈನ್ ಸೇವಾ ಇರೋದ್ರಿಂದ ಕಾಗದದ ಮ್ಯಾಲ ಬರದು ಖುದ್ದಾಗಿ ಕೊಡಬೇಕು. ಸಂಬಂಧ ಮೂರ ಅದಾವ. ಹೆಂಡ್ತಿ, ಮಗಳು, ತಾಯಿ."

"ತಂಗಿ ಅಂತ ಬರೀರಿ."

"ತಂಗಿ ಎರಡನೇ ಹಂತದಾಗ ಬರ್ತಾಳ. ಇನ್ನೂ ಮಂಜೂರಾಗಿಲ್ಲ." ಪರಪ್ಪಗ ಅರವತ್ತೊಂದು, ಕರೆವ್ವಗ ಐವತ್ತೆಂಟು ಅಂತ ನೋಡಿ, ವಯಸ್ಸು ಒಪ್ಪತೈತಿ ಅಂತ ಗುರುರಾಜ ತಾನ ಹೆಂಡ್ತಿ ಅನ್ನೂ ಚೌಕಕ್ಕ ಗುರುತ ಹಾಕಿದ.

ಈ ಸುದ್ದಿ ಕರೆವ್ವ ಕುಂತ ಬಸ್ಸಿಗಿಂತ ಮೊದಲ ಕಲ್ಲೋಳಿ ಮುಟ್ಟಿತು. ಮುಟ್ಟಿಸಿದವರು ಯಾರು ಅಂತ ತನಿಖಾ ಆಗಿಲ್ಲ, ಆಗೂ ಜರೂರೂ ಇಲ್ಲ. ಯಮನವ್ವ ಪರಪ್ಪನ ಊಟದ ಗಂಗಾಳ ಎತ್ತಿ ಕರೆವ್ವನ ಅಂಗಳದಾಗ ಇಟ್ಟು ಬಂದ್ಳು. ಮರುದಿನ ಹೊತ್ತೇರೂದ್ರಾಗ ಕೋಶದಾಗ ಗುರುರಾಜನ ಮುಂದ ಇದ್ಳು.

"ಹೆಂಡ್ತಿ ಅಂತ ಬರದೀಯಂತಲ್ಲೋ ತಮ್ಮಾ. ನಾ ಯಾರು ಹಂಗಾರ?"

"ತಾವು ದಾಖಲ್ಯಾಗ ಇಲ್ರಿ. ಬೇಕಾರ ಅದನ್ನ ಹೊಡದು ಹಾಕೋಣು. ಮಗಳು ಅಂತ ಮಾಡಾಕ ವಯಸ್ಸು ಅಡ್ಡ ಬರ್ತೈತಿ, ಕಂಪ್ಯೂಟರ್ ಒಪ್ಪಂಗಿಲ್ಲ. ತಾಯಿ ಅಂತ ಮಾಡಬಹುದು."

"ತಾಯಿಗೆ ವಯಸ್ಸು ನೋಡಂಗಿಲ್ಲೇನು?"

"ತಾಯಿ ವಯಸ್ಸು ಕೇಳೂದು ಅಗೌರವ ಅಂತ ಆ ಅಂಕಣ ಇಟ್ಟಿಲ್ರಿ."

ಯಮನವ್ವ ಕಟಿಗಿ ಬಾಕಿನ ಮ್ಯಾಲ ಕುಂತು ಎಲಿ ಅಡಿಕಿ ಹಾಕೊಂಡು ವಿಚಾರ ಮಾಡಿದ್ಳು. "ತಾಯಿ ಅಂತ ಸರಕಾರನ ಬರದ್ಮ್ಯಾಲ, ಆ ಇಬ್ಬರ ನಡುವ ಬ್ಯಾರೆ ಏನರ ಇದ್ರ ಪಾಪ ಆಕ್ಕೈತಿ. ಹೌದಿಲ್ಲೋ?"

"ಪಾಪ ನಮ್ಮ ಕೋಶದ ವ್ಯಾಪ್ತಿಗೆ ಬರಂಗಿಲ್ರಿ. ಆದರ ನಿಯಮಬಾಹಿರ ಖರೆ."

"ಹಂಗಾರ ಆ ಫೋನಿನ್ಯಾಗ ಇದ್ದವ್ರನ್ನ ಎಲ್ಲಾರನೂ ತಾಯಿ ಮಾಡಿಬಿಡು."

"ಅದರಾಗ ಏಳು ಮಂದಿ ಗಂಡಸರು ಅದಾರ್ರಿ."

"ಅವ್ರನ್ನ ಬಿಡಾಕ ಬರ್ತೈತೇನು?"

ಗುರುರಾಜ ಪುಸ್ತಕ ನೋಡಿದ. ಒಂದ ನಂಬರಿಗೆ ಒಂದ ನಮೂನಿ ಸಂಬಂಧ ಅಂತ ಇತ್ತು. ಬಿಡಾಕ ಬರಲಿಲ್ಲ. ಸಂಜೀಕ ಕೋಶದ ಬಾಗಲಿಗೆ ಕಾಗದ ಹಚ್ಚಿದ್ರು:

"ಪ್ರಕಟಣೆ. ಕಲ್ಲೋಳಿ ನಿವಾಸಿ ಪರಪ್ಪ ಇವರಿಗೆ ಇಪ್ಪತ್ತಮೂರು ತಾಯಂದಿರು ಇರುವುದು ದಾಖಲೆಗಳಿಂದ ದೃಢಪಟ್ಟಿರುತ್ತದೆ. ಇವರಲ್ಲಿ ಏಳು ತಾಯಂದಿರು ಪುರುಷರಾಗಿರುತ್ತಾರೆ. ಸದರಿಯವರನ್ನು ಹೆತ್ತವರೆಂದು ಹೇಳಲಾದ ದಿವಂಗತ ಮಹಿಳೆಯ ಹೆಸರು ನೋಂದಣಿಯಲ್ಲಿ ಕಂಡುಬಂದಿರುವುದಿಲ್ಲ. ಆಕ್ಷೇಪಣೆ ಇದ್ದವರು ಮೂರು ದಿನಗಳೊಳಗೆ ತಮ್ಮ ತಾಯಿಯೊಂದಿಗೆ ಹಾಜರಾಗತಕ್ಕದ್ದು."

ಯಾರೂ ಹಾಜರಾಗಲಿಲ್ಲ. ಪರಪ್ಪನ್ನ ಯಾರೂ ಕೇಳಲಿಲ್ಲ, ಸಹಿ ಅಷ್ಟ ತಗೊಂಡ್ರು.

ಅಮಾವಾಸ್ಯೆಗೆ ಒಂದ ದಿನ ಇತ್ತು. ಪೆಟಿಗ್ಯಾಗ ಟಣ್ ಅಂತು. ಯಮನವ್ವ ತಲಿ ಮ್ಯಾಲ ಸೆರಗ ಹೊತ್ಕೊಂಡು, ಬಾಗಲಾಗ ನಿಂತ ಕರೆವ್ವಗ ಮೊದಲ ಬಗ್ಗಿ ನಮಸ್ಕಾರ ಮಾಡಿದ್ಳು, ಆಮ್ಯಾಲ ಅಂಕಿ ಓದಿದ್ಳು. "ಎಂಟು ಐತ್ರಿ ಅತ್ತಿ. ಸೊನ್ನಿ. ಮೂರು. ಮತ್ತ ಮೂರು…" ಕರೆವ್ವನ ಮಗಳು ಲಕ್ಷ್ಮೀ ಬಾಜೂದವರ ಫೋನಿನ್ಯಾಗ ಕಾಜಲ್‌ಗ ಒಂದೊಂದ ಮುಟ್ಟಿಸಿದ್ಳು. ಪರವಾನಗಿ ಎದ್ದು ಕುಂತಿತು.

ಮರುದಿನ ಮೂಡಲಗಿಯೊಳಗ ಮಧ್ಯಾಹ್ನದ ಒಳಗ ಕರೆವ್ವನ ಮಂಕರಿ ಖಾಲಿ ಆದ್ವು, ಜ್ವಾಳದ ಚೀಲ ತುಂಬಿದ್ವು. ಸುಶಾಂತ ಬಾಜೂಕ ಕುಂತಿದ್ದ. ಅಂವನ ಎತ್ತು ನೀರು ಬಿದ್ರೂ ಕರಗೂವಲ್ಲ, ಮುಂದಿನ ವರ್ಷಕ್ಕೂ ನಡೀತಾವ ಅಂತ ಲಾರ್‍ಯಾಗ ತುಂಬಕೊಂಡು ಹ್ವಾದ.

ವಾರ ಬಿಟ್ಟು ಪರವಾನಗಿ ಕಾಗದ ಬಂತು. ಕೆಳಗ ಸಣ್ಣ ಅಕ್ಷರದಾಗ "ವಾರಸುದಾರ: ಮಗ, ಪರಪ್ಪ" ಅಂತ ಇತ್ತು. ಎಂಟನೇ ವಯಸ್ಸಿನಿಂದ ಮಣ್ಣು ತುಳದ ಲಕ್ಷ್ಮೀ ಅದನ್ನ ಹಿಡಕೊಂಡು ಗೋಕಾಕಕ್ಕ ಹೋದ್ಳು.

"ನಾ ಯಾರ್ರಿ ಇದರಾಗ?"

"ತಾವು ಪರಪ್ಪನ ತಂಗಿ," ಅಂದ ಗುರುರಾಜ. "ಅಭಿನಂದನೆಗಳು, ಎರಡನೇ ಹಂತ ನಿನ್ನೆ ಮಂಜೂರಾತು."

"ನಮ್ಮವ್ವನ ನಂತರ ಎತ್ತು ಮಾಡೂ ಹಕ್ಕು?"

"ಅಣ್ಣಗ ಹೋಗ್ತೈತಿ. ಅಂವ ಮಾಡಲಿಲ್ಲಂದ್ರೂ ಹಕ್ಕು ಅಂವಂದ."

ಓಣಿ ಹಿರೇರು ಕುಂತು ವಿಚಾರ ಮಾಡಿ, ಕಾಯ್ದೆ ಪ್ರಕಾರ ಅಣ್ಣ ಆದಾಂವ ಪಂಚಮಿಗೂ ಅಣ್ಣನ ಅಂತ ಠರಾವು ಮಾಡಿದ್ರು. ಹಂಗಾಗಿ ಈ ನಾಗರ ಪಂಚಮಿಗೆ ಪರಪ್ಪ ತಾಯಂದಿರ ಹೆಣ್ಣಮಕ್ಕಳು ಅಂತ ಮೂವತ್ತೊಂದು ತಂಗಿಯರನ್ನ ಮನಿಗೆ ಕರದ. ಅಂಗಳದಾಗ ಜೋಕಾಲಿ ಕಟ್ಟಿದ್ರು. ನೋಂದಣಿ ಸಂಖ್ಯೆ ಪ್ರಕಾರ ಪಾಳಿ ಹಚ್ಚಿ ಒಬ್ಬೊಬ್ಬರಿಗೆ ನಾಲ್ಕು ತೂಗು ಕೊಟ್ರು. ಲಕ್ಷ್ಮೀನೂ ತನ್ನ ಪಾಳಿ ಬಂದಾಗ ಹತ್ತಿ, ನಾಲ್ಕು ತೂಗಿ, ಇಳದ್ಳು. ಯಮನವ್ವ ನಾಲ್ಕು ದಿನ ಒಲಿ ಮುಂದಿಂದ ಏಳಲಿಲ್ಲ, ಮೂರು ಬುಟ್ಟಿ ಶೇಂಗಾ ಉಂಡಿ ಕಟ್ಟಿದ್ಳು. ತಾಯಂದಿರೆಲ್ಲಾ ಕಟ್ಟಿ ಮ್ಯಾಲ ಸಾಲಾಗಿ ಕುಂತು ತಿಂದ್ರು.

ಅವರಾಗ ಮಾಯಪ್ಪ ಅನ್ನೋ ಮುದುಕ ಒಬ್ಬ, ಎಪ್ಪತ್ತು ದಾಟಿದಾಂವ. ಮೀಸಿಗೆ ಹತ್ತಿದ್ದ ಉಂಡಿ ಪುಡಿ ಒರಸಿಕೊಂಡು ಅಂದ, "ಸೊಸೀ, ಬೆಲ್ಲ ಒಂದ ಸ್ವಲ್ಪ ಕಡಿಮಿ ಆಗೈತಿ."

"ಹೌದ್ರಿ ಅತ್ತಿ," ಅಂದ್ಳು ಯಮನವ್ವ, ಸೆರಗ ಸರಿ ಮಾಡಿಕೊಂಡು, ಬೆಲ್ಲ ತರಾಕ ಒಳಗ ಹೋದ್ಳು.